ಓದುಗರೇ ಪುಸ್ತಕ ಬರೆದು ತಂದಾಗ: ಸ್ವಂತ ಪ್ರಕಟಣೆಗೆ ನಮ್ಮ ಗ್ರಂಥಾಲಯಗಳು ನೆರವಾಗುವ ಬಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಯಾವ ಗ್ರಂಥಾಲಯದಲ್ಲಿ ಕೂತರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ: "ನಾನೂ ಒಂದಷ್ಟು ಬರೆದಿಟ್ಟಿದೀನಿ ಮೇಡಂ, ಪುಸ್ತಕ ಮಾಡಿಸ್ಬೇಕು, ಯಾರನ್ನ ಕೇಳ್ಬೇಕೋ ಗೊತ್ತಾಗ್ತಿಲ್ಲ." ಕೇಳುವವರು ತಿಪಟೂರಿನ ನಿವೃತ್ತ ಮೇಷ್ಟ್ರಿರಬಹುದು, ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿರಬಹುದು, 2001ರಲ್ಲಿ ಗಣಿ ಮುಚ್ಚಿದಾಗ ಅಪ್ಪ ಕೆಲಸ ಕಳೆದುಕೊಂಡ ಕೆಜಿಎಫ್‌ನ ಹುಡುಗನಿರಬಹುದು. ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಪ್ರೆಸ್‌ನವರನ್ನ ಕೇಳಿ." ಅವರು ನೋಟ್‌ಬುಕ್ ಹಿಡಿದು ನೇರ ಪ್ರೆಸ್ಸಿಗೆ ಹೋಗುತ್ತಾರೆ. ಸಾವಿರ ಪ್ರತಿ ಹೊಡೆಸಿದರೆ ಅಗ್ಗ ಎಂಬ ಮಾತು ನಂಬುತ್ತಾರೆ. ಬಿಡುಗಡೆಯ ದಿನ ನೂರು ಪ್ರತಿ ಹಂಚಿ, ಮಿಕ್ಕಿದ್ದನ್ನು ಮಂಚದ ಕೆಳಗೆ ತಳ್ಳುತ್ತಾರೆ.

ಗ್ರಂಥಾಲಯದ ಕೆಲಸ ಇರುವುದು ಪ್ರೆಸ್ಸಿಗೆ ಹೋಗುವ ಮುಂಚಿನ ಆರು ತಿಂಗಳಲ್ಲಿ ಮತ್ತು ಪುಸ್ತಕ ಬಂದ ನಂತರದ ವರ್ಷಗಳಲ್ಲಿ. ನಡುವೆ ಮುದ್ರಣದ ಆ ಹದಿನೈದು ದಿನ ನಮ್ಮದಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದವರಿಗೂ, ಅರಿವು ಕೇಂದ್ರ ಎಂದು ಕರೆಯುವ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರಿಗೂ ಆಗುವಂತೆ ಈ ಕ್ರಮ ಬರೆದಿದ್ದೇನೆ. ಹಣ ಬೇಡದ ಹೆಜ್ಜೆಗಳೇ ಇದರಲ್ಲಿ ಹೆಚ್ಚು.

1. ಏನು ಮಾಡುವುದಿಲ್ಲ ಎಂಬುದನ್ನು ಮೊದಲೇ ಬರೆದು ಅಂಟಿಸಿ

ಗ್ರಂಥಾಲಯ ಪ್ರಕಾಶಕ ಆಗಬಾರದು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿ ಕೂಸನ್ನು ತಾಯಂದಿರ ಮಡಿಲಿಗೇ ಹಾಕಿ ಬಂದರು. ನಮ್ಮ ಪಾತ್ರವೂ ಅಷ್ಟೇ.

ಹಾಗಾಗಿ ಸಿಬ್ಬಂದಿ ಯಾರ ಹಣವನ್ನೂ ಮುಟ್ಟುವುದಿಲ್ಲ, ಮುಂಗಡ ಕೊಟ್ಟುಬಿಡುತ್ತೇವೆ ಎಂದು ಪ್ರೆಸ್ಸಿಗೆ ಒಯ್ಯುವುದೂ ಇಲ್ಲ. "ಇಂಥ ಪ್ರೆಸ್ಸಿಗೇ ಹೋಗಿ" ಎನ್ನುವುದಿಲ್ಲ; ಮೂರು ಕಡೆ ದರಪಟ್ಟಿ ತರಲು ಹೇಳುತ್ತೇವೆ. ಪುಸ್ತಕದ ಮೇಲೆ ಗ್ರಂಥಾಲಯದ ಹೆಸರಾಗಲಿ ಇಲಾಖೆಯ ಲಾಂಛನವಾಗಲಿ ಬರುವಂತಿಲ್ಲ. ಮುನ್ನುಡಿ ಬರೆದುಕೊಡುವುದಿಲ್ಲ. ಇಷ್ಟಕ್ಕಿಂತ ಮುಖ್ಯವಾದದ್ದು, ಸರ್ಕಾರ ಈ ಪುಸ್ತಕ ಕೊಳ್ಳುತ್ತದೆ ಎಂದು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಈ ಸಾಲುಗಳನ್ನು ದೊಡ್ಡಕ್ಷರದಲ್ಲಿ ಗೋಡೆಗೆ ಅಂಟಿಸಿದರೆ ಮುಂದೆ ಮುಜುಗರದ ಮಾತುಗಳು ಮುಕ್ಕಾಲು ಪಾಲು ತಪ್ಪುತ್ತವೆ.

2. ವಾರಕ್ಕೊಂದು ಮಧ್ಯಾಹ್ನ, ಒಂದು ಮೇಜು, ಒಂದು ರಿಜಿಸ್ಟರ್

ಪ್ರತ್ಯೇಕ ಕೊಠಡಿ ಬೇಕಿಲ್ಲ. ವಾರದಲ್ಲಿ ಒಂದು ದಿನ, ಎರಡು ಗಂಟೆ ಹೊತ್ತು, ಕಿಟಕಿ ಪಕ್ಕದ ಮೇಜನ್ನು "ಬರಹಗಾರರ ಮೇಜು" ಅನ್ನಿ. ಸಂತೆಯ ದಿನ ಆಗಿದ್ದರೆ ಹಳ್ಳಿಯವರು ಒಂದೇ ಬಸ್ ಚಾರ್ಜಿನಲ್ಲಿ ಎರಡು ಕೆಲಸ ಮುಗಿಸುತ್ತಾರೆ. ರಿಜಿಸ್ಟರಿನಲ್ಲಿ ಹೆಸರು, ಬರಹದ ಬಗೆ, ಯಾವ ಹಂತದಲ್ಲಿದೆ, ಮುಂದಿನ ಸಲ ಏನು ತರಬೇಕು, ಇಷ್ಟು ಬರೆದರೆ ಸಾಕು. ಕೊನೆಯ ಕಲಂ ಬಿಟ್ಟರೆ ರಿಜಿಸ್ಟರ್ ಇಟ್ಟೂ ದಂಡ, ಏಕೆಂದರೆ ಬರಹಗಾರರು ಮಧ್ಯದಲ್ಲಿ ಕೈಬಿಡುವುದು ಸಾಮಾನ್ಯವಾಗಿ ಮುಂದೇನು ಅಂತ ತಿಳಿಯದೆ.

ನೆರವಿಗೆ ಜನ ಊರಲ್ಲೇ ಇದ್ದಾರೆ. ಕರಡು ತಿದ್ದಲು ಒಬ್ಬ ಕನ್ನಡ ಮೇಷ್ಟ್ರು, ಕಂಪ್ಯೂಟರಿಗೆ ಕಾಲೇಜಿನ ಇಬ್ಬರು ಹುಡುಗ ಹುಡುಗಿಯರು, ಪುಟವಿನ್ಯಾಸದ ಸಂಶಯ ಬಂದಾಗ ಫೋನಿಗೆ ಸಿಗುವ ಒಬ್ಬ ಡಿಟಿಪಿಯವರು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಹಲವು ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇದೆ, ಇಂಟರ್ನೆಟ್ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಎದ್ದು ಹೋದ ಹೊತ್ತಿನಲ್ಲಿ ಅದು ಖಾಲಿ ಬಿದ್ದಿರುತ್ತದೆ.

3. ಮೊದಲ ಭೇಟಿ: ಹಸ್ತಪ್ರತಿ ಬದಿಗಿಡಿ, ಮಾತಾಡಿಸಿ

ಬಂದವರು ಮೊದಲು ನೋಟ್‌ಬುಕ್ ಚಾಚುತ್ತಾರೆ. ತೆಗೆದುಕೊಂಡು ಅವರ ಮುಂದೆಯೇ ಹಾಳೆ ತಿರುಗಿಸಬೇಡಿ. ಅವರ ಕಣ್ಣೆಲ್ಲ ನಿಮ್ಮ ಮುಖದ ಮೇಲಿರುತ್ತದೆ, ನೀವು ಸುಮ್ಮನೆ ಹುಬ್ಬು ಗಂಟಿಕ್ಕಿದರೂ ಆ ಮನುಷ್ಯ ಮತ್ತೆ ಬರಲಿಕ್ಕಿಲ್ಲ. ಮೊದಲು ಕೇಳಬೇಕಾದ್ದು: ಇದನ್ನು ಯಾರು ಓದಬೇಕು ಅಂತ ನಿಮ್ಮ ಆಸೆ?

"ಎಲ್ಲರೂ" ಎಂದರೆ ಮತ್ತೆ ಕೇಳಿ. ಮನೆಯವರು, ನೆಂಟರು ಎಂದರೆ ಐವತ್ತು ಪ್ರತಿ ಸಾಕು, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಕೂಡ ಬೇಡ. ನಮ್ಮೂರಿನವರು ಎಂದರೆ ಇನ್ನೂರು ಮುನ್ನೂರು. ರಾಜ್ಯದ ಓದುಗರು ಎಂದರೆ ಸ್ವಂತ ಪ್ರಕಟಣೆಗೆ ಮುಂಚೆ ಒಂದೆರಡು ಬಿಡಿ ಬರಹ ಪತ್ರಿಕೆಗೆ ಕಳಿಸಿ ನೋಡುವುದು ಒಳ್ಳೆಯದು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಖರ್ಚು, ಅಳತೆ, ಪ್ರತಿಗಳ ಲೆಕ್ಕ ಎಲ್ಲ ತಾನಾಗಿ ಇತ್ಯರ್ಥವಾಗುತ್ತದೆ.

ವಯಸ್ಸು ಕೇಳುವುದನ್ನೂ ಮರೆಯಬೇಡಿ. 18ರಿಂದ 35 ವರ್ಷದವರಾಗಿದ್ದು ಇದು ಅವರ ಮೊದಲ ಪುಸ್ತಕವಾದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಅರ್ಜಿ ಹಾಕುವುದು ಹಸ್ತಪ್ರತಿಯ ಹಂತದಲ್ಲಿ. ಪುಸ್ತಕ ಅಚ್ಚಾದ ಮೇಲೆ ನೆನಪಾದರೆ ಅವಕಾಶ ತಪ್ಪಿತು ಅಂತಲೇ ಲೆಕ್ಕ. ಪ್ರಾಧಿಕಾರದ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನ ಕತ್ತರಿಸಿ ಸೂಚನಾ ಫಲಕಕ್ಕೆ ಹಾಕುವುದು ಗ್ರಂಥಾಲಯ ಮಾಡಬಹುದಾದ ಅತಿ ಸಣ್ಣ, ಅತಿ ಉಪಯುಕ್ತ ಕೆಲಸ.

ಸ್ವಂತ ಖರ್ಚಿನ ಪುಸ್ತಕ ಅಂದರೆ ಮೂಗು ಮುರಿಯುವವರು ಇದ್ದಾರೆ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಮಾಲೂರು ತಾಲ್ಲೂಕಿನ ಮಾಸ್ತಿಯವರ ಎಷ್ಟೋ ಪುಸ್ತಕ ಹೊರಬಂದದ್ದು ಅವರೇ ನಡೆಸುತ್ತಿದ್ದ ಪತ್ರಿಕೆಯ ಹೆಸರು ಹೊತ್ತ ಜೀವನ ಕಾರ್ಯಾಲಯದಿಂದ. ಸಂಕೋಚದಿಂದ ಬಂದವರಿಗೆ ಇಷ್ಟು ಹೇಳಿದರೆ ಬೆನ್ನು ನೆಟ್ಟಗಾಗುತ್ತದೆ.

4. ನೋಟ್‌ಬುಕ್ಕಿನಿಂದ ಯೂನಿಕೋಡಿಗೆ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಏಕೆಂದರೆ ಕನ್ನಡ ಪುಸ್ತಕಗಳ ಅರ್ಧ ಗೋಳು ಶುರುವಾಗುವುದು ಇಲ್ಲೇ.

ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಪೇಜ್‌ಮೇಕರ್ ಇದೆ, ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರ ಇದೆ. ಅದರಲ್ಲಿ ಅಚ್ಚು ಚೆನ್ನಾಗಿಯೇ ಬರುತ್ತದೆ. ಆದರೆ ಆ ಫೈಲಿನೊಳಗೆ ಇರುವುದು ನಿಜಕ್ಕೂ ಕನ್ನಡ ಅಕ್ಷರವಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಾಗದ ಗೀಚು ಕಾಣುತ್ತದೆ. ಐದು ವರ್ಷ ಬಿಟ್ಟು ಎರಡನೇ ಮುದ್ರಣ ಬೇಕೆಂದಾಗ, ಇ-ಪುಸ್ತಕ ಮಾಡಬೇಕೆಂದಾಗ, ಒಂದು ಹೆಸರು ಹುಡುಕಬೇಕೆಂದಾಗ ಆ ಫೈಲ್ ಇದ್ದೂ ಇಲ್ಲದಂತೆ. ಆದ್ದರಿಂದ ಮೂಲಪ್ರತಿ ಯೂನಿಕೋಡಿನಲ್ಲೇ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿಯಲ್ಲೇ ತಯಾರಾಗಲಿ. ಪ್ರೆಸ್ಸಿನವರು ತಮಗೆ ಬೇಕಾದರೆ ಪರಿವರ್ತಿಸಿಕೊಳ್ಳಲಿ. ಪರಿವರ್ತನೆಯಲ್ಲಿ ಅರ್ಕಾವತ್ತು, ರ-ಒತ್ತು ತಪ್ಪುವುದು ವಾಡಿಕೆ, ಹಾಗಾಗಿ ಆ ಪ್ರತಿಯನ್ನು ಮತ್ತೊಮ್ಮೆ ಓದಲೇಬೇಕು.

ಟೈಪು ಬಾರದವರಿಗೆ ಮೊಬೈಲಿನ ಧ್ವನಿ ಟೈಪಿಂಗ್ ವರದಾನ. ಗೂಗಲ್ ಡಾಕ್ಸ್ ತೆರೆದು, ಕನ್ನಡ ಆರಿಸಿ, ನೋಟ್‌ಬುಕ್ ನೋಡಿಕೊಂಡು ಓದುತ್ತಾ ಹೋದರೆ ಅಕ್ಷರ ಮೂಡುತ್ತವೆ. ಪೂರ್ಣವಿರಾಮ, ಅಲ್ಪವಿರಾಮ ಬರುವುದಿಲ್ಲ, ನಂತರ ಹಾಕಿಕೊಳ್ಳಬೇಕು. ಹಳ್ಳಿ ಮಾತನ್ನು ಅದು ತಾನೇ ತಿದ್ದಿಬಿಡುವುದೂ ಉಂಟು: "ಬತ್ತೈತೆ" ಅಂದರೆ ಏನೇನೋ ಬರೆದೀತು. ಅಂಥ ಸಂಭಾಷಣೆಯ ಭಾಗವನ್ನು ಕೈಯಲ್ಲೇ ಟೈಪು ಮಾಡುವುದು ವಾಸಿ. ಹಿಂದೆ ಅಚ್ಚಾದ ಪುಟಗಳಿದ್ದರೆ, ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರವಾಗಿ ಬರುತ್ತದೆ. ಕೈಬರಹಕ್ಕೆ ಇದನ್ನು ನೆಚ್ಚಬೇಡಿ.

ನಮ್ಮ ಗಡಿ ತಾಲ್ಲೂಕುಗಳ ಮಾತು ಬೇರೆ. ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೋಲಾಟದ ಪದ, ತತ್ವಪದ, ಮದುವೆ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ತೆಲುಗು ಬರೆದಿಟ್ಟ ನೋಟ್‌ಬುಕ್ಕುಗಳು ಎಷ್ಟೋ ಮನೆಯಲ್ಲಿವೆ. ಇವಕ್ಕೆ ಪ್ರಕಾಶಕರು ಸಿಗುವುದು ಕಷ್ಟ: ಕನ್ನಡದವರಿಗೆ ತೆಲುಗು, ತೆಲುಗಿನವರಿಗೆ ಕನ್ನಡ. ಸ್ವಂತ ಪ್ರಕಟಣೆ ಇದ್ದರೆ ಇಂಥವಕ್ಕೇ ಇರಬೇಕು. ಹಾಡುವವರ ಬಾಯಿಂದಲೇ ತೆಲುಗು ಧ್ವನಿ ಟೈಪಿಂಗಿನಲ್ಲಿ ಹಿಡಿದುಕೊಂಡು, ಬಂದ ತೆಲುಗು ಲಿಪಿಯನ್ನು "ಅಕ್ಷರಮುಖ" ಎಂಬ ಉಚಿತ ಲಿಪ್ಯಂತರ ಸಾಧನದಿಂದ ಕನ್ನಡ ಲಿಪಿಗೆ ತಿರುಗಿಸಬಹುದು. ಎರಡೂ ಲಿಪಿಯ ವರ್ಣಮಾಲೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕೆಲಸ ಸಲೀಸು. ಆಮೇಲೆ ಹಾಡಿದವರ ಮುಂದೆ ಕೂತು ಗಟ್ಟಿಯಾಗಿ ಓದಿ. ತಪ್ಪಿದ ಕಡೆ ಅವರು ತಾವೇ ತಡೆದು ಹೇಳುತ್ತಾರೆ. ಪ್ರತಿ ಹಾಡಿನ ಕೆಳಗೆ ಎರಡು ಸಾಲು ಕನ್ನಡ ಸಾರಾಂಶ ಹಾಕಿಸಿದರೆ ಮಾಗಡಿಯ ಓದುಗರಿಗೂ ದಕ್ಕುತ್ತದೆ.

5. ಓದುಗರ ಕೂಟ ಮತ್ತು ಕರಡು ತಿದ್ದುವಿಕೆ

ಗ್ರಂಥಾಲಯದಲ್ಲಿ ಧಾರಾಳವಾಗಿ ಇರುವುದು ಓದುಗರು. ಪ್ರೆಸ್ಸಿನಲ್ಲಿ ಅವರು ಸಿಗುವುದಿಲ್ಲ. ಹಸ್ತಪ್ರತಿಯ ಮೂರು ಜೆರಾಕ್ಸ್ ತೆಗೆಸಿ, ಬರಹಗಾರರ ಪರಿಚಯವಿಲ್ಲದ ಮೂವರು ಓದುಗರಿಗೆ ಕೊಡಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಎಲ್ಲಿ ಓದು ನಿಂತಿತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಹೇಳಿ. ಮೂರೂ ಪ್ರತಿಯಲ್ಲಿ ಒಂದೇ ಪುಟದಲ್ಲಿ ಗೆರೆ ಬಿದ್ದಿದ್ದರೆ ಬರಹಗಾರರಿಗೆ ನೀವು ವಿವರಿಸಿ ಹೇಳುವ ಅಗತ್ಯವೇ ಇಲ್ಲ.

ಕವನ ಸಂಕಲನದ ವಿಷಯದಲ್ಲಿ ನನ್ನ ಅಭಿಪ್ರಾಯ ಕೊಂಚ ಕಟು. ಎಂಬತ್ತು ಕವನ ತಂದವರಿಗೆ ನಲವತ್ತು ಆರಿಸಲು ಹೇಳಿ. ಬಿಟ್ಟ ನಲವತ್ತು ಎರಡನೇ ಸಂಕಲನಕ್ಕೆ ಇರಲಿ ಎಂದರೆ ಯಾರಿಗೂ ಬೇಸರವಾಗುವುದಿಲ್ಲ. ಹಬ್ಬದ ಶುಭಾಶಯದ ಕವನಗಳು, ಗಣ್ಯರ ಹುಟ್ಟುಹಬ್ಬದ ಕವನಗಳು ಮೊದಲು ಹೊರಗೆ ಹೋಗಲಿ.

ಅನುಭವ ಬರಹಕ್ಕೆ ಉಲ್ಟಾ ಸಲಹೆ: ಇನ್ನೂ ಬರೆಸಿ. ಟೊಮೆಟೊ ಬೆಳೆದವರು "ಬೆಲೆ ಬಿದ್ದು ನಷ್ಟವಾಯಿತು" ಎಂದು ಒಂದು ಸಾಲಲ್ಲಿ ಮುಗಿಸಿರುತ್ತಾರೆ. ಕೋಲಾರ ಎಪಿಎಂಸಿಗೆ ರಾತ್ರಿ ಎಷ್ಟು ಹೊತ್ತಿಗೆ ಲೋಡ್ ಹೋಯಿತು, ಕ್ರೇಟಿಗೆ ಹರಾಜು ಎಷ್ಟಕ್ಕೆ ನಿಂತಿತು, ವಾಪಸ್ಸು ಬರುವಾಗ ಡ್ರೈವರ್ ಏನಂದ, ಇವೆಲ್ಲ ಅವರ ತಲೆಯಲ್ಲಿದೆ, ಹಾಳೆಯ ಮೇಲಿಲ್ಲ. ನೀವು ಕೇಳಬೇಕು, ಅವರು ಹೇಳುವಾಗ ಮೊಬೈಲಿನಲ್ಲಿ ಧ್ವನಿ ಹಿಡಿಯಬೇಕು.

ಕರಡು ಎರಡು ಸಲ, ಇಬ್ಬರು ಬೇರೆ ಬೇರೆಯವರು ನೋಡಲಿ. ಮೊದಲ ಸುತ್ತು ಅಲ್ಪಪ್ರಾಣ ಮಹಾಪ್ರಾಣ, ನ ಣ, ಲ ಳ. ಎರಡನೇ ಸುತ್ತು ಹೆಸರು ಮತ್ತು ಇಸವಿ ಮಾತ್ರ: ಒಂದೇ ಊರು ಒಂದು ಪುಟದಲ್ಲಿ "ತುಮಕೂರು", ಇನ್ನೊಂದರಲ್ಲಿ "ತುಮಕೂರ್" ಆಗಿರುತ್ತದೆ, ಅಜ್ಜ ತೀರಿಕೊಂಡ ವರ್ಷ ಎರಡು ಕಡೆ ಎರಡು ಬಗೆ ಇರುತ್ತದೆ. ಗೆಜೆಟಿಯರ್, ಹಳೆಯ ಸ್ಮರಣ ಸಂಚಿಕೆಗಳು ನಿಮ್ಮ ಕಪಾಟಿನಲ್ಲೇ ಇವೆ, ತೆಗೆದುಕೊಡಿ. ಸಂಭಾಷಣೆಯಲ್ಲಿರುವ ನಮ್ಮ ಕಡೆಯ ಮಾತನ್ನು ಮೇಷ್ಟ್ರು "ಶುದ್ಧ" ಮಾಡಹೊರಟರೆ ತಡೆಯಿರಿ. "ಎಲ್ಗೋಗಿದ್ದೆ" ಅನ್ನುವ ಅಜ್ಜಿಯ ಬಾಯಲ್ಲಿ "ಎಲ್ಲಿಗೆ ಹೋಗಿದ್ದೆ" ತುರುಕಿದರೆ ಅಜ್ಜಿಯೇ ಇರುವುದಿಲ್ಲ.

6. ಹಕ್ಕು, ಹೆಸರು, ತಕರಾರು

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1965ರಲ್ಲಿ ತೀರಿಕೊಂಡವರ ಬರಹ 2026ರ ಜನವರಿ 1ರಿಂದ ಮುಕ್ತ, ಆಮೇಲಿನವರದು ಇನ್ನೂ ಇಲ್ಲ. ಚಿತ್ರಗೀತೆಯ ಸಾಲು, ಬೇರೆಯವರ ಕವನ, ಇಂಟರ್ನೆಟ್ಟಿನಿಂದ ಇಳಿಸಿದ ಫೋಟೋ, ವಾಟ್ಸ್‌ಆ್ಯಪಿನಲ್ಲಿ ಬಂದ "ಯಾರೋ ಬರೆದದ್ದು", ಇವು ಪುಸ್ತಕದಲ್ಲಿ ನುಸುಳಿವೆಯೇ ನೋಡಿ. ವಾಟ್ಸ್‌ಆ್ಯಪಿನ ಕವನಕ್ಕೂ ಒಬ್ಬ ಅಪ್ಪ ಇರುತ್ತಾನೆ, ಪುಸ್ತಕ ಬಂದ ಮೇಲೆಯೇ ಪ್ರತ್ಯಕ್ಷನಾಗುತ್ತಾನೆ. ಹಾಡು ಹೇಳಿಕೊಟ್ಟವರ ಹೆಸರು, ಊರು ಹಾಡಿನ ಕೆಳಗೇ ಅಚ್ಚಾಗಲಿ, ಅವರ ಒಪ್ಪಿಗೆ ಪಡೆದು.

ಊರ ಚರಿತ್ರೆ ಬರೆದವರ ವಿಷಯದಲ್ಲಿ ಇನ್ನಷ್ಟು ಜಾಗ್ರತೆ. ದೇವಸ್ಥಾನದ ಪೂಜೆಯ ಹಕ್ಕು, ಕೆರೆ ಅಂಗಳದ ಜಮೀನು, ಯಾವ ಮನೆತನ ಮೊದಲು ಬಂತು ಎಂಬುದು ಎಷ್ಟೋ ಊರಲ್ಲಿ ಕೋರ್ಟಿನಲ್ಲಿರುವ ಸಂಗತಿ. ಬದುಕಿರುವವರ ಹೆಸರು ಹಿಡಿದು ಆಪಾದನೆ ಇದ್ದರೆ, ದಾಖಲೆ ಇಲ್ಲದಿದ್ದರೆ, ಆ ಭಾಗ ತೆಗೆಯಲು ಹೇಳಿ ಅಥವಾ ವಕೀಲರಿಗೆ ತೋರಿಸಲು ಹೇಳಿ. ಶಾಸನದ ಮಾತು ಬಂದಾಗ ಶಾಸನಗಳ ಪಾಠ ಅಚ್ಚಾಗಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ ತೆಗೆದುಕೊಟ್ಟು, ಊರಲ್ಲಿ ಹೇಳುವ ಕಥೆಗೂ ಕಲ್ಲಿನ ಮೇಲಿರುವುದಕ್ಕೂ ತಾಳೆ ನೋಡಿಸಿ.

7. ಐಎಸ್‌ಬಿಎನ್: ದುಡ್ಡು ಕೊಟ್ಟು ಕೊಳ್ಳಬೇಡಿ

ನಮ್ಮ ದೇಶದಲ್ಲಿ ಐಎಸ್‌ಬಿಎನ್ ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ. ಅರ್ಜಿ ಆನ್‌ಲೈನಿನಲ್ಲಿ, ಶುಲ್ಕ ಇಲ್ಲ. ಲೇಖಕರಾಗಿಯೂ ಅರ್ಜಿ ಹಾಕಬಹುದು, ಪ್ರಕಾಶಕರಾಗಿಯೂ ಹಾಕಬಹುದು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೂರಿಸಿ ಅವರದೇ ಇಮೇಲಿನಿಂದ, ಅವರದೇ ಗುರುತಿನ ಚೀಟಿಯಿಂದ ಖಾತೆ ತೆರೆಸಿ. ಪಾಸ್‌ವರ್ಡ್ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಸಂಖ್ಯೆ ಕೈಗೆ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಬಿಡುಗಡೆಯ ದಿನಾಂಕ ಗೊತ್ತು ಮಾಡುವುದಕ್ಕಿಂತ ಮುಂಚೆಯೇ ಅರ್ಜಿ ಹೋಗಲಿ.

2007ರಿಂದ ಇದು 13 ಅಂಕಿಯ ಸಂಖ್ಯೆ. ಭಾರತದ್ದು 978-81 ಅಥವಾ 978-93ರಿಂದ ಶುರುವಾಗುತ್ತದೆ. ಅಚ್ಚಿನ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಬೇರೆ. ಇದು ಪುಸ್ತಕದ ಗುರುತಿನ ಸಂಖ್ಯೆ ಮಾತ್ರ. ಹಕ್ಕು ಕೊಡುವುದಿಲ್ಲ, ಗುಣಮಟ್ಟಕ್ಕೆ ಸಾಕ್ಷಿಯೂ ಅಲ್ಲ. "ಐಎಸ್‌ಬಿಎನ್ ಹಾಕಿಸಿಕೊಡ್ತೀವಿ, ಇಷ್ಟು ಸಾವಿರ ಕೊಡಿ" ಎನ್ನುವವರು ಕೊಡುವುದು ತಮ್ಮ ಸಂಸ್ಥೆಯ ಸಂಖ್ಯೆಯನ್ನು. ಆಗ ದಾಖಲೆಯಲ್ಲಿ ಪ್ರಕಾಶಕರು ಅವರಾಗುತ್ತಾರೆ.

8. ಪುಟ, ಕಾಗದ, ಫಾರಂ

ಪ್ರೆಸ್ಸಿಗೆ ಹೋಗುವ ಮೊದಲು ಬರಹಗಾರರನ್ನು ಕಪಾಟಿನ ಮುಂದೆ ನಿಲ್ಲಿಸಿ, ತಮ್ಮ ಪುಸ್ತಕ ಯಾವುದರ ಹಾಗೆ ಇರಬೇಕೋ ಅದನ್ನು ಕೈಗೆ ತೆಗೆದುಕೊಳ್ಳಲು ಹೇಳಿ. ಅಳತೆ ಪಟ್ಟಿ ಇಟ್ಟು ನೋಡಿದರೆ ಅದು ಬಹುತೇಕ ಡೆಮಿ 1/8 ಆಗಿರುತ್ತದೆ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಪ್‌ಲಿಥೋ ಕಾಗದ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್. ಡೆಮಿಯಲ್ಲಿ ಒಂದು ಫಾರಂ ಎಂದರೆ 16 ಪುಟ. 128 ಪುಟ ಎಂದರೆ ಸರಿಯಾಗಿ ಎಂಟು ಫಾರಂ. ಪುಸ್ತಕ 131 ಪುಟಕ್ಕೆ ನಿಂತಿದ್ದರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಏರುತ್ತದೆ. ಮುನ್ನುಡಿ, ಕೃತಜ್ಞತೆಗಳಲ್ಲಿ ಮೂರು ಪುಟ ಕಡಿಮೆ ಮಾಡಿಸಿ 128ಕ್ಕೆ ಇಳಿಸಿದರೆ ನೇರವಾಗಿ ಖರ್ಚು ಉಳಿಯಿತು.

ಅಕ್ಷರಕ್ಕೆ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡದಂಥ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟುಗಳಿವೆ. ವಯಸ್ಸಾದ ಓದುಗರಿಗಾಗಿ ಇರುವ ಪುಸ್ತಕವಾದರೆ ಅಕ್ಷರ ಒಂದು ಪಾಯಿಂಟ್ ದೊಡ್ಡದಿರಲಿ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷ್ ಪುಸ್ತಕಕ್ಕಿಂತ ಹೆಚ್ಚು ಜಾಗ ಬೇಕು. ಡಿಟಿಪಿಯವರು ಪುಟ ಉಳಿಸಲು ಇದನ್ನೇ ಮೊದಲು ಕತ್ತರಿಸುತ್ತಾರೆ.

ಹಕ್ಕುಪುಟ ಹೀಗಿರಲಿ ಎಂದು ಒಂದು ಮಾದರಿ ಮೇಜಿನ ಮೇಲೆ ಇಟ್ಟಿರಿ:

ಕೃತಿಯ ಹೆಸರು, ಪ್ರಕಾರ
ಲೇಖಕರು, ಊರು
ಪ್ರಕಾಶಕರು: ಲೇಖಕರೇ ಆಗಿದ್ದರೆ ಅವರ ವಿಳಾಸ
ಮೊದಲ ಮುದ್ರಣ: 2026
ಪ್ರತಿಗಳು: 300
ಪುಟಗಳು: 8 + 120
ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೋ, ಡೆಮಿ 1/8
ಬೆಲೆ: ₹ 150
ಹಕ್ಕುಗಳು: ಲೇಖಕರವು
ಐಎಸ್‌ಬಿಎನ್
ಮುಖಪುಟ ವಿನ್ಯಾಸ, ಅಕ್ಷರ ಜೋಡಣೆ, ಮುದ್ರಣಾಲಯದ ಹೆಸರು ಮತ್ತು ಊರು

"ಮೊದಲ ಮುದ್ರಣ" ಮತ್ತು ಇಸವಿ ಬಿಟ್ಟುಹೋದರೆ ಮುಂದೆ ಗ್ರಂಥಾಲಯ ಖರೀದಿಯ ಅರ್ಜಿಯಲ್ಲಿ ತೊಡಕು. ಹಣ ಪೂರ್ತಿ ಕೊಡುವ ಮೊದಲು ಒಂದು ಮಾದರಿ ಪ್ರತಿ ಕಟ್ಟಿಸಿ, ಬೆನ್ನು ಬಿಚ್ಚಿ ಅಗಲಿಸಿ ನೋಡಿ: ಹಾಳೆ ಕಳಚಿದರೆ ಅಂಟು ಸರಿಯಿಲ್ಲ, ಸಾಲಿನ ತುದಿ ಹೊಲಿಗೆಯೊಳಗೆ ಮುಳುಗಿದ್ದರೆ ಅಂಚು ಸಾಲದು. ಪ್ರೆಸ್ಸಿನಿಂದ ಕೊನೆಯ ಪಿಡಿಎಫ್ ಜೊತೆಗೆ ಮೂಲ ಫೈಲನ್ನೂ ಪೆನ್‌ಡ್ರೈವಿನಲ್ಲಿ ಪಡೆಯುವ ಮಾತು ದರಪಟ್ಟಿಯಲ್ಲೇ ಬರೆಸಿ.

9. ಎಷ್ಟು ಪ್ರತಿ?

ಲೆಕ್ಕ ತಿಳಿಯಲು ಒಂದು ಉದಾಹರಣೆ ಹಿಡಿಯಿರಿ. ನಿಮ್ಮ ಊರಿನ ದರ ಬೇರೆ ಇರುತ್ತದೆ. 128 ಪುಟದ ಪುಸ್ತಕ 300 ಪ್ರತಿಗೆ ₹ 24,000, ಸಾವಿರ ಪ್ರತಿಗೆ ₹ 45,000 ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ ಪ್ರತಿಗೆ 80, ಎರಡನೆಯದಕ್ಕೆ 45. ಎರಡನೆಯದೇ ಲಾಭ ಎಂದು ಯಾರಿಗಾದರೂ ಅನ್ನಿಸುತ್ತದೆ. ಈಗ ಮಾರಾಟವಾದದ್ದು 250 ಎನ್ನಿ. 24,000ವನ್ನು 250ರಿಂದ ಭಾಗಿಸಿದರೆ 96. 45,000ವನ್ನು ಭಾಗಿಸಿದರೆ 180. ಬೆಲೆ 150 ಇದ್ದಾಗ ಪ್ರತಿ ಪುಸ್ತಕಕ್ಕೂ 30 ರೂಪಾಯಿ ಕೈಯಿಂದ ಬಿತ್ತು. ಪುಸ್ತಕದಂಗಡಿಗೆ ಕೊಟ್ಟರೆ ನೂರಕ್ಕೆ ಮೂವತ್ತೈದು ನಲವತ್ತು ಕಮಿಷನ್ ಹೋಗುತ್ತದೆ, ಅದನ್ನೂ ಸೇರಿಸಿ ನೋಡಿ.

ಈ ಲೆಕ್ಕವನ್ನು ನೀವು ಮಾಡಿ ತೋರಿಸಬೇಡಿ, ಹಾಳೆ ಪೆನ್ನು ಕೊಟ್ಟು ಅವರ ಕೈಯಲ್ಲೇ ಮಾಡಿಸಿ. ಯಾರ ಯಾರಿಗೆ ಪುಸ್ತಕ ಹೋಗಬಹುದು ಎಂದು ಹೆಸರು ಹಿಡಿದು ಪಟ್ಟಿ ಬರೆಸಿ. ಪಟ್ಟಿ ನೂರಕ್ಕೆ ನಿಂತರೆ ಡಿಜಿಟಲ್ ಮುದ್ರಣದಲ್ಲಿ 100 ಪ್ರತಿ ಸಾಕು. ಬೇಕೆಂದಾಗ ಬೇಕಾದಷ್ಟೇ ಮುದ್ರಿಸುವ ವ್ಯವಸ್ಥೆಯೂ ಇದೆ. ಬೆಂಗಳೂರಿನ ಪೋಥಿ ಡಾಟ್ ಕಾಮ್ 2008ರಿಂದ ಇದನ್ನು ಮಾಡುತ್ತಿದೆ. ಪ್ರತಿಯೊಂದರ ದರ ಹೆಚ್ಚು, ಆದರೆ ಮಂಚದ ಕೆಳಗೆ ಏನೂ ಉಳಿಯುವುದಿಲ್ಲ.

10. ಅಚ್ಚಾದ ಮೇಲೆ ಕಳಿಸಬೇಕಾದ ಪ್ರತಿಗಳು

ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯ್ದೆಯ ಪ್ರಕಾರ, ಪ್ರಕಾಶಕರು ಪುಸ್ತಕ ಪ್ರಕಟವಾದ 30 ದಿನದೊಳಗೆ ತಮ್ಮ ಖರ್ಚಿನಲ್ಲಿ ನಾಲ್ಕು ಕಡೆ ಒಂದೊಂದು ಪ್ರತಿ ಕಳಿಸಬೇಕು: ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನಿಮಾರಾ, ಮುಂಬೈನ ಏಷ್ಯಾಟಿಕ್ ಸೊಸೈಟಿಯ ಕೇಂದ್ರ ಗ್ರಂಥಾಲಯ, ದೆಹಲಿ ಪಬ್ಲಿಕ್ ಲೈಬ್ರರಿ. ಸ್ವಂತ ಪ್ರಕಟಣೆಯಲ್ಲಿ ಪ್ರಕಾಶಕರು ಲೇಖಕರೇ, ಆದ್ದರಿಂದ ಹೊಣೆಯೂ ಅವರದೇ. ನಾಲ್ಕೂ ವಿಳಾಸ ಅಚ್ಚು ಹಾಕಿದ ಚೀಟಿ ನಿಮ್ಮಲ್ಲಿ ಇದ್ದರೆ, ಅಂಟಿಸಿ ಅಂಚೆಗೆ ಹಾಕುವುದಷ್ಟೇ ಉಳಿಯಿತು. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗಾಗಿ "ಜ್ಞಾನ್ ಪೋಸ್ಟ್" ಶುರು ಮಾಡಿದೆ. 300 ಗ್ರಾಂವರೆಗೆ ₹ 20, ಮೇಲೆ ತೆರಿಗೆ. 128 ಪುಟದ ಡೆಮಿ ಪುಸ್ತಕ ಆ ತೂಕದ ಒಳಗೇ ಬರುತ್ತದೆ. ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದಲ್ಲಿ ಅಚ್ಚಾಗಿರಬೇಕು, ಜಾಹೀರಾತು ಇರಬಾರದು.

ರಾಜ್ಯದ ಗ್ರಂಥಾಲಯ ಖರೀದಿಗೆ ಅರ್ಜಿ ಹಾಕುವ ಇರಾದೆ ಇದ್ದರೆ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದ ಕಾಪಿರೈಟ್ ವಿಭಾಗದಲ್ಲಿ ಪುಸ್ತಕ ನೋಂದಣಿ ಆಗಿರಬೇಕು. ಇಲಾಖೆ ಕಾಲಕಾಲಕ್ಕೆ ಇಂಥ ವರ್ಷದಲ್ಲಿ ಮೊದಲ ಮುದ್ರಣವಾಗಿ ಬಂದ ಪುಸ್ತಕಗಳಿಗೆ ಅರ್ಜಿ ಕರೆಯುತ್ತದೆ. "ಲೇಖಕ-ಪ್ರಕಾಶಕರು" ಎಂಬ ವರ್ಗದಲ್ಲಿ ನಮ್ಮವರೂ ಹಾಕಬಹುದು. ಆಯ್ಕೆ ಸಮಿತಿಯದು, ಬೆಲೆ ಪುಟದ ಲೆಕ್ಕದಲ್ಲಿ, ಹಣ ಬರುವುದು ತಡ. ಇದನ್ನು ನಂಬಿ ಸಾಲ ಮಾಡಿ ಸಾವಿರ ಪ್ರತಿ ಹೊಡೆಸಬೇಡಿ ಎಂದು ಕಡ್ಡಿ ಮುರಿದಂತೆ ಹೇಳಿ.

ಇ-ಪುಸ್ತಕದ ಬಗ್ಗೆ ಎರಡೇ ಮಾತು. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ಸೇರಿಸಿದಾಗ ಅದರಲ್ಲಿ ಕನ್ನಡ ಇರಲಿಲ್ಲ, ಹಾಗಾಗಿ ನಮ್ಮವರು ನೋಡಬೇಕಾದ್ದು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಮುಂತಾದವನ್ನು. ಮಕ್ಕಳ ಕಥೆ ಬರೆದವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಇದೆ, ಚಿತ್ರಗಳೂ ಅಲ್ಲೇ ಸಿಗುತ್ತವೆ. ಅಲ್ಲಿ ಹಾಕಿದ ಕಥೆಯನ್ನು ಯಾರು ಬೇಕಾದರೂ ಬಳಸಬಹುದು ಎಂಬುದನ್ನು ಮೊದಲೇ ತಿಳಿಸಿ.

11. ಕಪಾಟು, ಬಿಡುಗಡೆ, ಆಮೇಲೆ

ಬಿಡುಗಡೆಗೆ ಕಲ್ಯಾಣ ಮಂಟಪ, ಶಾಮಿಯಾನ, ಹನ್ನೆರಡು ಶಾಲು ಹಾರ ಬೇಡ. ಗ್ರಂಥಾಲಯದ ಓದುವ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಲವತ್ತು ಕುರ್ಚಿ, ಒಂದು ಕಾಫಿ. ಅತಿಥಿಗಳ ಭಾಷಣದ ಬದಲು ಹಸ್ತಪ್ರತಿ ಓದಿದ ಆ ಮೂವರಲ್ಲಿ ಒಬ್ಬರು ಎರಡು ಪುಟ ಓದಲಿ, ಬರಹಗಾರರು ಎರಡು ಪುಟ ಓದಲಿ. ಮಾರಾಟ ಬರಹಗಾರರ ಮನೆಯವರು ಬಾಗಿಲ ಹೊರಗೆ ಮಾಡಿಕೊಳ್ಳಲಿ.

ಎರಡು ಪ್ರತಿ ಗ್ರಂಥಾಲಯಕ್ಕೆ ಕೇಳಿ ಪಡೆಯಿರಿ: ಒಂದು ಎರವಲಿಗೆ, ಇನ್ನೊಂದು ಹೊರಗೆ ಹೋಗದ "ನಮ್ಮ ಜಿಲ್ಲೆಯ ಬರಹ" ಕಪಾಟಿಗೆ. ಪರಿಗ್ರಹಣ ಸಂಖ್ಯೆ ಹಾಕಿ, ಸೂಚಿಯಲ್ಲಿ ಲೇಖಕರ ಹೆಸರಿನ ಜೊತೆ ಊರು ಮತ್ತು ತಾಲ್ಲೂಕನ್ನೂ ನಮೂದಿಸಿ. ಕೊರಟಗೆರೆಯ ಬಗ್ಗೆ ಏನಿದೆ ಎಂದು ಸಂಶೋಧನೆಯ ವಿದ್ಯಾರ್ಥಿ ಬಂದಾಗ ಹುಡುಕಿಕೊಡುವುದು ಅದೇ. ಅಮೆರಿಕದ ಪೋರ್ಟ್‌ಲ್ಯಾಂಡಿನ ಮಲ್ಟ್‌ನೋಮಾ ಕೌಂಟಿ ಗ್ರಂಥಾಲಯ ಸ್ಥಳೀಯರ ಸ್ವಂತ ಪ್ರಕಟಣೆಯ ಇ-ಪುಸ್ತಕಗಳನ್ನು ಕರೆದು, ಸಿಬ್ಬಂದಿ ಓದಿ ಆರಿಸಿ ಸಂಗ್ರಹಕ್ಕೆ ಸೇರಿಸುತ್ತದೆ. ಆರಿಸುವ ಆ ಕೆಲಸ ನಮ್ಮಲ್ಲೂ ಬೇಕು. ಊರಿನವರದು ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಎರವಲು ಕಪಾಟಿಗೆ ಸೇರಿಸಿದರೆ ಓದುಗರು ಆ ಕಪಾಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಜಿಲ್ಲಾ ಕಪಾಟಿನಲ್ಲಿ ದಾಖಲೆಗಾಗಿ ಎಲ್ಲವೂ ಇರಲಿ. ಎರವಲಿಗೆ ಇಡುವುದನ್ನು ಓದುಗರ ಕೂಟ ತೀರ್ಮಾನಿಸಲಿ.

ಯೂನಿಕೋಡ್ ಫೈಲ್ ಮತ್ತು ಪಿಡಿಎಫ್‌ನ ಒಂದು ನಕಲನ್ನು, ಲೇಖಕರ ಲಿಖಿತ ಒಪ್ಪಿಗೆಯೊಂದಿಗೆ, ಗ್ರಂಥಾಲಯದ ಹಾರ್ಡ್ ಡಿಸ್ಕಿನಲ್ಲಿ ಇಡಿ. ಒಪ್ಪಿಗೆ ಪತ್ರದಲ್ಲಿ ಮೂರು ಸಾಲು ಸಾಕು: ಉಳಿಸಿಡಲು ಕೊಟ್ಟಿದ್ದೇನೆ, ಸಾರ್ವಜನಿಕರಿಗೆ ಹಂಚಲು ಕೊಟ್ಟಿದ್ದೇನೆ ಅಥವಾ ಕೊಟ್ಟಿಲ್ಲ, ನನ್ನ ನಂತರ ಇಂಥವರನ್ನು ಕೇಳಿ. ಮೂರನೆಯ ಸಾಲನ್ನು ಖಾಲಿ ಬಿಡಲು ಒಪ್ಪಬೇಡಿ.